ರವಿ ಬೆಳಗೆರೆ: ಮೊದಲು ಓದಿದೆ, ಆಮೇಲೆ ನೋಡಿದೆ

ಪತ್ರಕರ್ತ ರವಿ ಬೆಳಗೆರೆ 1995ರಲ್ಲಿ ಶುರು ಮಾಡಿದ ‘ಹಾಯ್ ಬೆಂಗಳೂರ್!’ ನಮ್ಮ ಮನೆಗೆ ಎಷ್ಟೋ ವರ್ಷ ತಪ್ಪದೆ ಬಂತು. ಕಪ್ಪು ಬಿಳುಪಿನ ವಾರಪತ್ರಿಕೆ. ಬಂದ ಕೂಡಲೇ ಅವರ ಅಂಕಣ ‘ಖಾಸ್‌ಬಾತ್’ ಯಾರು ಮೊದಲು ಓದಬೇಕು ಅಂತ ಅಣ್ಣನಿಗೂ ನನಗೂ ಜಗಳ. ಬಳ್ಳಾರಿಯ ದಿನಗಳು, ಅಮ್ಮ, ಸಾಲ, ಗೆಳೆಯರು, ಎಲ್ಲವನ್ನೂ ಪಕ್ಕದಲ್ಲಿ ಕೂತು ಹೇಳಿದ ಹಾಗೆ ಬರೆಯುತ್ತಿದ್ದರು. ನಮ್ಮಮ್ಮನಿಗೆ ಮಾತ್ರ ಆ ಪತ್ರಿಕೆ ಕಂಡರಾಗದು. ನೆಂಟರು ಬಂದರೆ ಮುಖಪುಟ ಕಾಣದ ಹಾಗೆ ದಿಂಬಿನ ಕೆಳಗೆ ಸೇರಿಸಿಬಿಡುತ್ತಿದ್ದಳು.

ಆಮೇಲೆ ಈಟಿವಿ ಕನ್ನಡದಲ್ಲಿ ಅವರ ನಿರೂಪಣೆಯ ‘ಕ್ರೈಂ ಡೈರಿ’ ಬಂತು. ಬರಹದಲ್ಲಿದ್ದ ಧಾಟಿಯೇ ದನಿಯಲ್ಲೂ ಇತ್ತು. ಗಡುಸು ಕಂಠ. ಮಾತಿನ ನಡುವೆ ಸುಮ್ಮನಾಗಿಬಿಡುವುದು. ಆ ಮೌನದಲ್ಲಿ ಮನೆಯವರೆಲ್ಲ ಉಸಿರು ಬಿಗಿಹಿಡಿದು ಕೂರುತ್ತಿದ್ದೆವು. ಪತ್ರಿಕೆ ಮುಟ್ಟದವರೂ ಆ ದನಿ ಕೇಳಿದರೆ ಯಾರು ಅಂತ ಹೇಳುವಂತಾಯಿತು. ಅಂಕಣಕಾರನೊಬ್ಬ ಓದುಗರನ್ನು ದಾಟಿ ಇಷ್ಟು ದೂರ ಹೋಗಿದ್ದನ್ನು ನಾನಂತೂ ಬೇರೆ ಕಂಡಿಲ್ಲ.

ನಂತರದ ಕ್ರೈಂ ಕಾರ್ಯಕ್ರಮಗಳ ನಿರೂಪಣೆ ಕೇಳಿ ನೋಡಿ. ಅದೇ ಎಳೆದ ಮಾತು, ಅದೇ ಒತ್ತು. ಆದರೆ ಹೆಚ್ಚಿನವರು ಹೆದರಿಸುವುದನ್ನಷ್ಟೇ ಕಲಿತರು. ಕಥೆ ಕಟ್ಟುವ ಕಸುಬು ಅವರಿಗೆ ಬರಲಿಲ್ಲ. ಅದು ವರ್ಷಗಟ್ಟಲೆ ಬರೆದು ಬರೆದು ಬಂದದ್ದು ಅಲ್ವಾ?

ನನಗೆ ಒಗ್ಗದ್ದೂ ಇದೆ. ಯಾರ ಮೇಲಾದರೂ ಸಿಟ್ಟು ಬಂದರೆ ಬೆಳಗೆರೆಯವರ ಭಾಷೆ ಹದ ತಪ್ಪುತ್ತಿತ್ತು. ಈಗ ಹಳೇ ಸಂಚಿಕೆ ತೆಗೆದರೆ ಅಂಥ ಪುಟಗಳನ್ನು ದಾಟಿ ಹೋಗುತ್ತೇನೆ. ಹಾಗಂತ ಶಾಸಕರ ಬಗ್ಗೆ ಬಂದ ಬರಹಕ್ಕೆ 2017ರ ಜೂನ್‌ನಲ್ಲಿ ವಿಧಾನಸಭೆಯೇ ಅವರಿಗೆ ಒಂದು ವರ್ಷ ಜೈಲು, 10,000 ರೂಪಾಯಿ ದಂಡ ಅಂದದ್ದನ್ನು ನಾನು ಒಪ್ಪುವುದಿಲ್ಲ. ಬರಹದಲ್ಲಿ ತಪ್ಪಿದ್ದರೆ ಕೋರ್ಟ್ ಇದೆ.

ಟಿವಿಯಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ‘ಎಂದೂ ಮರೆಯದ ಹಾಡು’. ಅದೇ ಗಡುಸು ದನಿ ಹಳೇ ಹಾಡುಗಳ ಬಗ್ಗೆ ಮಾತಾಡುವಾಗ ಮೆತ್ತಗಾಗುತ್ತಿತ್ತು. ಪತ್ರಿಕೆ ಬಚ್ಚಿಡುತ್ತಿದ್ದ ಅಮ್ಮನೂ ಅಡುಗೆ ಬೇಗ ಮುಗಿಸಿ ಬಂದು ಕೂರುತ್ತಿದ್ದಳು.

2020ರ ನವೆಂಬರ್ 13ರಂದು ಅವರು ತೀರಿಕೊಂಡರು. ಈಗಲೂ ಬೇಸರವಾದಾಗ ಕೈಗೆ ಸಿಗುವುದು ಅವರ ಬರಹವೇ. ಹೊಸಬರು ‘ಖಾಸ್‌ಬಾತ್’ನಿಂದ ಶುರು ಮಾಡಿ, ಕಾರ್ಯಕ್ರಮಗಳನ್ನು ಆಮೇಲೆ ನೋಡಿ. ಬರಹಕ್ಕೆ 5ಕ್ಕೆ 5 ಕೊಡುತ್ತೇನೆ, ಟಿವಿಗೆ 4.