ಪೇಜ್ ಸೆಟ್ಟಿಂಗ್‌ಗೆ ಕೊಟ್ಟ ಥೀಸಿಸ್ ಚೆಕಿಂಗ್‌ಗೂ ಹೋಗಿಬಂದಿತ್ತು

ಪಿಎಚ್.ಡಿ. ಥೀಸಿಸ್ ಸಲ್ಲಿಸುವ ಹೊತ್ತಿಗೆ ಬಂದಿದ್ದೀರಾ? ಹಾಗಿದ್ದರೆ ಇದನ್ನು ಪೂರ್ತಿ ಓದಿ. 'ಪ್ಲೇಜಿಯರಿಸಂ ಚೆಕ್ ಮಾಡಿಕೊಡಲಾಗುತ್ತದೆ', ಅಂದರೆ ಬೇರೆಯವರ ಬರಹ ಕದ್ದದ್ದಿದೆಯಾ ಅಂತ ನೋಡಿಕೊಡುತ್ತೇವೆ, ಅನ್ನುವ ಬೋರ್ಡು ಯೂನಿವರ್ಸಿಟಿ ಗೇಟಿನ ಎದುರಿನ ಡಿಟಿಪಿ ಅಂಗಡಿಗಳಲ್ಲಿ ನೇತಾಡುತ್ತಿರುತ್ತದೆ. ಈಗೀಗ ವಾಟ್ಸಾಪ್ ಗ್ರೂಪುಗಳಲ್ಲೂ ಇದೇ ಜಾಹೀರಾತು. ಇಂಥವರ ಕೈಗೆ ನಿಮ್ಮ ವರ್ಡ್ ಫೈಲು ಸಿಗಬಾರದು. ಸಿಕ್ಕರೆ ನೀವು ವರ್ಷಗಟ್ಟಲೆ ಕೂತು ಬರೆದದ್ದು ಲೈಬ್ರರಿಯ ಕಂಪ್ಯೂಟರಿನಲ್ಲಿ ಕದ್ದ ಮಾಲಾಗಿ ಕಾಣಿಸಬಹುದು. ನನ್ನದು ಹಾಗೇ ಕಾಣಿಸಿತು.

ಊರು, ಯೂನಿವರ್ಸಿಟಿ, ಅಂಗಡಿ ಯಾವುದರ ಹೆಸರನ್ನೂ ಹೇಳುವುದಿಲ್ಲ. ಆ ಅಂಗಡಿ ಮುಚ್ಚಿದರೆ ಪಕ್ಕದಲ್ಲಿ ಇನ್ನೊಂದು ತೆರೆಯುತ್ತದೆ, ಅಷ್ಟೇ.

ನನ್ನ ವಿಷಯ ಸ್ತ್ರೀಶಕ್ತಿ ಸ್ವಸಹಾಯ ಗುಂಪುಗಳು. ಥೀಸಿಸ್ ಇಂಗ್ಲಿಷಿನಲ್ಲಿತ್ತು. ಅಂಗಡಿಗೆ ಕೊಟ್ಟದ್ದು ಪೇಜ್ ಸೆಟ್ಟಿಂಗ್‌ಗೆ ಮಾತ್ರ. ಮಾರ್ಜಿನ್, ಪುಟಸಂಖ್ಯೆ, ಪರಿವಿಡಿ, ಅಧ್ಯಾಯದ ಶುರುವಿನ ಹಾಳೆ, ಇಂಥ ಕೆಲಸ. ಸಂಜೆ ಹೋದಾಗ ಪ್ರಿಂಟಿನ ಜೊತೆ ಒಂದು ಬಣ್ಣಬಣ್ಣದ ರಿಪೋರ್ಟನ್ನೂ ಪಿನ್ ಮಾಡಿ ಕೊಟ್ಟರು. "ಅಕ್ಕ, ಚೆಕಿಂಗೂ ಹಾಕ್ಬಿಟ್ಟಿದ್ದೀನಿ. ಎಂಟು ಪರ್ಸೆಂಟ್, ಸೂಪರ್. ದುಡ್ಡೇನೂ ಬೇಡ" ಅಂದ ಹುಡುಗ. ನಾನು ಕೇಳಿರಲಿಲ್ಲ. ಮೇಲಿನ ಹಾಳೆ ನೋಡಿದೆ. ಸಲ್ಲಿಸಿದವರ ಹೆಸರಿನ ಜಾಗದಲ್ಲಿ ಯಾರದೋ ಎರಡಕ್ಷರ. ಕೋರ್ಸಿನ ಹೆಸರು 'ಬಿಸಿನೆಸ್ ಕಮ್ಯುನಿಕೇಶನ್', ಅದರ ಕೆಳಗೆ 'ಅಸೈನ್‌ಮೆಂಟ್ 3'. ಇದ್ಯಾರ ಅಕೌಂಟು ಅಂತ ಕೇಳಿದರೆ, "ನಮ್ಮ ಫ್ರೆಂಡ್‌ದು ಅಕ್ಕ, ಏನೂ ಆಗಲ್ಲ" ಅಂದ.

ಆದದ್ದು ಆಮೇಲೆ. ಲೈಬ್ರರಿಯಲ್ಲಿ ಅಧಿಕೃತ ಚೆಕ್ ಆಯಿತು. ಅಲ್ಲಿ ಬಳಸುತ್ತಿದ್ದದ್ದೂ ಅದೇ ಸಾಫ್ಟ್‌ವೇರ್. ಸಿಮಿಲಾರಿಟಿ 86 ಪರ್ಸೆಂಟ್! ಲೈಬ್ರರಿಯವರು ಸ್ಕ್ರೀನ್ ನನ್ನ ಕಡೆ ತಿರುಗಿಸಿ ತೋರಿಸಿದರು. ಕೃತಜ್ಞತೆಯ ಪುಟದಿಂದ ಹಿಡಿದು ಎಲ್ಲ ಪುಟವೂ ಒಂದೇ ಕೆಂಪು. ನಮ್ಮ ಅತ್ತೆಯವರಿಗೆ ಥ್ಯಾಂಕ್ಸ್ ಹೇಳಿದ ಸಾಲೂ ಕೆಂಪು. ಮೂಲ ಅಂತ ತೋರಿಸುತ್ತಿದ್ದದ್ದು ಒಂದೇ ಒಂದು: ವಿದೇಶದ ಯಾವುದೋ ಕಾಲೇಜಿಗೆ ಸಲ್ಲಿಸಿದ 'ಸ್ಟೂಡೆಂಟ್ ಪೇಪರ್'.

ಯೂನಿವರ್ಸಿಟಿಗಳಿಗೆ ನಿಯಮ ಮಾಡುವ ಯುಜಿಸಿಯ 2018ರ ನಿಯಮ ಗೊತ್ತಿಲ್ಲದವರಿಗೆ ಇಲ್ಲೇ ಹೇಳಿಬಿಡುತ್ತೇನೆ. ಹೋಲಿಕೆ 10 ಪರ್ಸೆಂಟಿನವರೆಗೆ ಇದ್ದರೆ ತೊಂದರೆ ಇಲ್ಲ. 10ರಿಂದ 40ರ ನಡುವೆ ಇದ್ದರೆ ತಿದ್ದಿ ಮತ್ತೆ ಕೊಡಬೇಕು, ಅದಕ್ಕೆ ಹೆಚ್ಚೆಂದರೆ 6 ತಿಂಗಳು. 40ರಿಂದ 60ಕ್ಕೆ ಒಂದು ವರ್ಷ ತಿದ್ದಿದ ಪ್ರತಿಯನ್ನೂ ಕೊಡುವ ಹಾಗಿಲ್ಲ. 60 ದಾಟಿದರೆ ರಿಜಿಸ್ಟ್ರೇಶನ್ನೇ ರದ್ದು. ನನ್ನದು 86. ಗೈಡ್ ಸರ್ ತುಂಬ ಹೊತ್ತು ಮಾತೇ ಆಡಲಿಲ್ಲ. ಅವರಿಗೂ ಇದು ಹೊಸದು.

ಹೀಗೆ ಹೇಗಾಗುತ್ತದೆ ಅನ್ನುವುದು ಬಹಳ ಜನಕ್ಕೆ ತಿಳಿದಿಲ್ಲ. ಪಾಠ ಮಾಡುವವರಿಗೂ ತಿಳಿದಿಲ್ಲ. ಈ ಸಾಫ್ಟ್‌ವೇರ್‌ಗಳು ನಿಮ್ಮ ಫೈಲನ್ನು ಚೂರುಚೂರು ಮಾಡಿ ಇಂಟರ್ನೆಟ್ ಪುಟಗಳು, ಜರ್ನಲ್‌ಗಳು, ಹಿಂದೆ ವಿದ್ಯಾರ್ಥಿಗಳು ಕೊಟ್ಟ ಪೇಪರ್‌ಗಳು ಇವುಗಳ ಜೊತೆ ಹೋಲಿಸುತ್ತವೆ. ಹೋಲಿಸಿ ಮುಗಿದ ಮೇಲೆ ನಿಮ್ಮ ಫೈಲೂ ಆ ಪೇಪರ್‌ಗಳ ಭಂಡಾರಕ್ಕೆ ಸೇರಬಹುದು. ಅದನ್ನು 'ರೆಪಾಸಿಟರಿ' ಅನ್ನುತ್ತಾರೆ. ಕಾಲೇಜಿನ ಕ್ಲಾಸಿಗೆ ಇದು ಸರಿಯಾದ ಏರ್ಪಾಟು. ಸೀನಿಯರ್ ಬರೆದ ಅಸೈನ್‌ಮೆಂಟನ್ನು ಮುಂದಿನ ವರ್ಷ ಜೂನಿಯರ್ ಎತ್ತಿದರೆ ಸಿಕ್ಕಿಬೀಳಬೇಕಲ್ವಾ? ಟರ್ನಿಟಿನ್‌ನಂಥ ಚೆಕಿಂಗ್ ಸಾಫ್ಟ್‌ವೇರ್‌ಗಳಲ್ಲಿ 'ನೋ ರೆಪಾಸಿಟರಿ' ಎಂಬ ಆಯ್ಕೆ ಇದೆ. ಅದನ್ನು ಹಾಕಿದರೆ ಫೈಲು ಹೋಲಿಕೆಗೆ ಹೋಗುತ್ತದೆ, ಭಂಡಾರಕ್ಕೆ ಸೇರುವುದಿಲ್ಲ. ಆದರೆ ಆ ಆಯ್ಕೆ ಇರುವುದು ಅಕೌಂಟಿನ ಮೇಷ್ಟ್ರ ಕೈಯಲ್ಲಿ. ಅಂಗಡಿಯ ಹುಡುಗನಿಗೆ ಅಂಥದ್ದೊಂದು ಇದೆ ಅಂತಲೂ ಗೊತ್ತಿರಲಿಲ್ಲ.

ಒಮ್ಮೆ ಸೇರಿದ್ದನ್ನು ತೆಗೆಸುವುದೂ ಸುಲಭವಲ್ಲ. ಯಾವ ಸಂಸ್ಥೆಯ ಅಕೌಂಟಿನಿಂದ ಹೋಯಿತೋ ಆ ಸಂಸ್ಥೆಯವರೇ ಕೇಳಿ ಅಳಿಸಬೇಕು. ಬರೆದವರು ನೀವೇ ಆದರೂ ನಿಮ್ಮ ಮಾತು ನಡೆಯುವುದಿಲ್ಲ. ಯಾರೋ ಅಪರಿಚಿತ ಕಾಲೇಜಿನ, ಹೆಸರು ಕೇಳದ ಮೇಷ್ಟ್ರಿಗೆ ಮೇಲ್ ಹಾಕಿ ಕಾಯಬೇಕು. ನಾವು ಹಾಕಿದೆವು. ಉತ್ತರ ಬರಲಿಲ್ಲ.

ಇನ್ನೊಂದು ವಿಷಯ. ಇಂಥ ಸಾಫ್ಟ್‌ವೇರ್‌ಗಳ ಲೈಸೆನ್ಸನ್ನು ಸಾಮಾನ್ಯವಾಗಿ ಸಂಸ್ಥೆಗಳಿಗೆ ಕೊಡುತ್ತಾರೆ, ಬೀದಿಬದಿಯ ಅಂಗಡಿಗೆ ಕೊಡುವುದಿಲ್ಲ. ಹಾಗಾಗಿ ಅಂಗಡಿಯವರ ಬಳಿ ಅದು ಇದೆ ಅಂದರೆ ಹಿಂಬಾಗಿಲಿನಿಂದ ಬಂದಿರಬೇಕು. ಯಾವುದೋ ಕಾಲೇಜಿನ ಕ್ಲಾಸ್ ಐಡಿ, ಪಾಸ್‌ವರ್ಡು ಕೈಯಿಂದ ಕೈಗೆ ದಾಟಿ ಬಂದಿರುತ್ತದೆ. 'ಫ್ರೆಂಡ್‌ದು' ಅನ್ನುವುದರ ಅರ್ಥ ಇಷ್ಟೇ.

ನಾನು ಉಳಿದುಕೊಂಡದ್ದು ಆ ಪಿನ್ ಮಾಡಿಕೊಟ್ಟ ರಿಪೋರ್ಟಿನಿಂದ! ಅದರಲ್ಲಿ ಸಬ್‌ಮಿಶನ್ ಐಡಿ, ತಾರೀಖು, ಪದಗಳ ಸಂಖ್ಯೆ ಎಲ್ಲ ಇತ್ತು. ಕೆಂಪಾಗಿ ಬಂದ ಆ 'ಸ್ಟೂಡೆಂಟ್ ಪೇಪರ್' ಸಲ್ಲಿಕೆಯಾದದ್ದು ಅದೇ ದಿನ. ಅದರ ಜೊತೆಗೆ ಗೂಗಲ್ ಡಾಕ್ಸ್‌ನ ವರ್ಶನ್ ಹಿಸ್ಟರಿ ಇತ್ತು. ಎರಡನೇ ಅಧ್ಯಾಯ ಯಾವಾಗ ಶುರುವಾಯಿತು, ಯಾವ ಪ್ಯಾರಾ ಯಾವಾಗ ಹೊಡೆದುಹಾಕಿದ್ದು, ಎಲ್ಲವೂ ತಾರೀಖಿನ ಸಮೇತ. ಗೈಡಿಗೆ ಕಳಿಸಿದ ಹಳೇ ಡ್ರಾಫ್ಟುಗಳು ಮೇಲ್‌ನಲ್ಲಿದ್ದವು. ಓದಿದ ಲೇಖನಗಳನ್ನು ಕೂಡಿಡುವ ಜೊಟೆರೊ ಸಾಫ್ಟ್‌ವೇರ್‌ನಲ್ಲಿ ಪ್ರತಿ ಲೇಖನವನ್ನೂ ಯಾವಾಗ ಸೇರಿಸಿದ್ದು ಅನ್ನುವ ಕಾಲಂ ಇರುತ್ತದೆ, ಅದನ್ನೂ ಪ್ರಿಂಟ್ ತೆಗೆಸಿದೆ. ವಿಭಾಗದ ಅಕಾಡೆಮಿಕ್ ಇಂಟೆಗ್ರಿಟಿ ಪ್ಯಾನೆಲ್ ಮುಂದೆ ಇದನ್ನೆಲ್ಲ ಇಟ್ಟೆವು. ಆ ಮೂಲವನ್ನು ಬಿಟ್ಟು ಮತ್ತೆ ರಿಪೋರ್ಟ್ ತೆಗೆಯಲು ಒಪ್ಪಿದರು. ಬಂದದ್ದು 7 ಪರ್ಸೆಂಟ್. ಅಷ್ಟರಲ್ಲಿ ಫೆಲೋಶಿಪ್ ನಿಂತುಹೋಗಿತ್ತು. ಅರ್ಜಿ ಹಾಕಬೇಕೆಂದಿದ್ದ ಒಂದು ಅತಿಥಿ ಉಪನ್ಯಾಸಕರ ಹುದ್ದೆಯೂ ಕೈತಪ್ಪಿತು. ಅದನ್ನು ಯಾವ ಪ್ಯಾನೆಲ್ ವಾಪಸ್ ಕೊಡುತ್ತದೆ?

ಅಂಗಡಿಯವರ ದೊಡ್ಡ ದಂಧೆ ಚೆಕಿಂಗ್ ಅಲ್ಲ, 'ರಿಡಕ್ಷನ್'. ಅಂದರೆ ಪರ್ಸೆಂಟ್ ಇಳಿಸಿಕೊಡುವುದು. ನನ್ನ ಗೋಳಿನ ಸುದ್ದಿ ಹಬ್ಬಿದ ಮೇಲೆ ಜೂನಿಯರ್ ಒಬ್ಬಳು ತನ್ನ ಫೈಲು ತಂದು ತೋರಿಸಿದಳು. 'ಇಳಿಸಿ' ಕೊಟ್ಟ ಅಧ್ಯಾಯ ಅದು. ಪೂರ್ತಿ ಸೆಲೆಕ್ಟ್ ಮಾಡಿ ಅಕ್ಷರದ ಬಣ್ಣ ಕಪ್ಪು ಮಾಡಿ ನೋಡಿದೆವು. ಪ್ರತಿ ಪ್ಯಾರಾದ ಹಿಂದೆ ಮುಂದೆ ಉದ್ಧರಣ ಚಿಹ್ನೆಗಳು ಎದ್ದು ಬಂದವು. ಬಿಳಿ ಹಾಳೆಯ ಮೇಲೆ ಬಿಳಿ ಬಣ್ಣದಲ್ಲಿ ಕೂರಿಸಿದ್ದರು! ಉದ್ಧರಣೆಗಳನ್ನು ಬಿಟ್ಟು ಲೆಕ್ಕ ಹಾಕು ಅಂದರೆ ಸಾಫ್ಟ್‌ವೇರ್ ಇಡೀ ಅಧ್ಯಾಯವನ್ನೇ ಬಿಟ್ಟುಬಿಡಲಿ ಅನ್ನುವ ಉಪಾಯ. ಇನ್ನು ಕೆಲವರು ಇಂಗ್ಲಿಷಿನ 'ಎ' ತೆಗೆದು ರಷ್ಯನ್ ಲಿಪಿಯ ಅದೇ ಆಕಾರದ ಅಕ್ಷರ ಹಾಕುತ್ತಾರೆ. ಕಣ್ಣಿಗೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಇವೆಲ್ಲ ಹಳೇ ಆಟಗಳು. ಟರ್ನಿಟಿನ್‌ನಲ್ಲಿ ಬದಲಾದ ಅಕ್ಷರ, ಅಡಗಿಸಿದ ಬರಹಕ್ಕೆ ಪ್ರತ್ಯೇಕವಾಗಿ ಬಾವುಟ ತೋರಿಸುವ ಸೌಲಭ್ಯವೇ ಇದೆ. ಸಿಕ್ಕಿಬಿದ್ದರೆ ಅದು ಮೋಸ ಅಂತಲೇ ಆಗುತ್ತದೆ. ಅಂಗಡಿಯವರು ಮಾಡಿದ್ದು ಅಂತ ಹೇಳಿದರೆ ಯಾರು ನಂಬುತ್ತಾರೆ?

ಪದ ಬದಲಿಸಿ ಅದೇ ಮಾತನ್ನು ಬೇರೆ ಥರ ಬರೆಯುವ ಪ್ಯಾರಾಫ್ರೇಸ್ ಯಂತ್ರದಲ್ಲಿ ಹಾಕಿ ತೆಗೆಯುವುದು ಮೂರನೇ ದಾರಿ. ಆ ಹುಡುಗಿಯ ಫೈಲಿನ ಮುಂದಿನ ಅಧ್ಯಾಯದಲ್ಲಿ 'ಸೆಲ್ಫ್ ಹೆಲ್ಪ್ ಗ್ರೂಪ್' ಹೋಗಿ 'ಸೆಲ್ಫ್ ಅಸಿಸ್ಟೆನ್ಸ್ ಗ್ಯಾದರಿಂಗ್' ಆಗಿ ಕೂತಿತ್ತು. ನಗು ಬಂತು, ಆದರೆ ನಗುವ ವಿಷಯವಲ್ಲ. 2021ರಲ್ಲಿ ಫ್ರಾನ್ಸಿನ ಕಂಪ್ಯೂಟರ್ ವಿಜ್ಞಾನಿ ಗಿಯೋಮ್ ಕಬನಾಕ್ ಮತ್ತು ಅವರ ಜೊತೆಗಾರರು ಜರ್ನಲ್‌ಗಳಲ್ಲಿ ಅಚ್ಚಾದ ಇಂಥ ತಿರುಚಿದ ಪದಗಳನ್ನು ಹುಡುಕಿ ಪಟ್ಟಿ ಮಾಡಿದರು. 'ಆರ್ಟಿಫಿಶಿಯಲ್ ಇಂಟೆಲಿಜೆನ್ಸ್' ಬದಲು 'ಕೌಂಟರ್‌ಫೀಟ್ ಕಾನ್ಶಿಯಸ್‌ನೆಸ್' ಅಂತ ಬರೆದ ಪೇಪರ್‌ಗಳು ಅಚ್ಚಾಗಿದ್ದವು! ಅಂಥ ಪದಗಳನ್ನೇ ಹಿಡಿದು ಪೇಪರ್‌ಗಳನ್ನು ಜಾಲಾಡುವವರು ಈಗ ಇದ್ದಾರೆ. ನಿಮ್ಮ ಥೀಸಿಸ್ ಪದವಿ ಬಂದ ಮೇಲೆ ಭಾರತದ ಥೀಸಿಸ್‌ಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಎಲ್ಲರಿಗೂ ತೆರೆದಿರುತ್ತದೆ. ಯಾರು, ಯಾವತ್ತು ತೆಗೆದು ನೋಡುತ್ತಾರೋ.

ಈಗ ಅದೇ ಅಂಗಡಿಯ ಬೋರ್ಡಿಗೆ 'ಎಐ ರಿಮೂವಲ್' ಅಂತ ಇನ್ನೊಂದು ಸಾಲು ಸೇರಿದೆ. ಎಐ ಪತ್ತೆ ಮಾಡುವ ಯಂತ್ರಗಳನ್ನೇ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಓಪನ್ಎಐ 2023ರ ಜನವರಿಯಲ್ಲಿ ಬಿಟ್ಟ ತನ್ನದೇ ಪತ್ತೆಯಂತ್ರವನ್ನು ಸರಿಯಾಗಿ ಹೇಳುತ್ತಿಲ್ಲ ಅಂತ ಜುಲೈನಲ್ಲಿ ತಾನೇ ಮುಚ್ಚಿತು. ಅದೇ ವರ್ಷ ಸ್ಟ್ಯಾನ್‌ಫೋರ್ಡ್‌ನವರು 7 ಪತ್ತೆಯಂತ್ರಗಳಿಗೆ ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಯ 91 ಪ್ರಬಂಧ ಕೊಟ್ಟು ನೋಡಿದರು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಬರೆದದ್ದು. ಸರಾಸರಿ ನೂರಕ್ಕೆ 61ನ್ನು ಅವು ಯಂತ್ರ ಬರೆದದ್ದು ಅಂದವು. ನಮ್ಮ ಇಂಗ್ಲಿಷ್ ಗತಿಯೂ ಅದೇ ಅಲ್ವಾ? ಆ ಹೆದರಿಕೆಯನ್ನೇ ಮಾರಿಕೊಂಡು ಇವರು ಬದುಕುತ್ತಿದ್ದಾರೆ.

ತಪ್ಪನ್ನೆಲ್ಲ ಅಂಗಡಿಗಳ ಮೇಲೆ ಹಾಕಿ ಕೂರುವುದೂ ಸರಿಯಲ್ಲ. ಯೂನಿವರ್ಸಿಟಿ ಲೈಬ್ರರಿಗಳನ್ನು ಜೋಡಿಸುವ ಯುಜಿಸಿಯ ಕೇಂದ್ರ ಇನ್‌ಫ್ಲಿಬ್‌ನೆಟ್‌ನ ಶೋಧಶುದ್ಧಿ ಯೋಜನೆ 2019ರಿಂದ ಇದೆ. ಅದರಲ್ಲಿ ಯೂನಿವರ್ಸಿಟಿಗಳಿಗೆ ಸಾಫ್ಟ್‌ವೇರ್ ಸಿಗುತ್ತದೆ, ಮೊದಲು ಉರ್ಕುಂಡ್ ಇತ್ತು, ಆಮೇಲೆ ಡ್ರಿಲ್‌ಬಿಟ್ ಬಂತು. ಆದರೂ ನಮ್ಮಲ್ಲಿ ಸ್ಕಾಲರಿಗೆ ಚೆಕ್ ಸಿಗುವುದು ಕೊನೆಗೆ, ಅದೂ ನ್ಯಾಯತೀರ್ಪು ಕೇಳಲು ನಿಂತ ಹಾಗೆ. ಅಧ್ಯಾಯ ಮುಗಿದ ಹಾಗೆ ಡ್ರಾಫ್ಟ್ ಚೆಕ್ ಮಾಡಿಕೊಟ್ಟರೆ ಗೇಟಿನ ಎದುರು ಯಾರು ಹೋಗುತ್ತಾರೆ? ನಿಮ್ಮ ಲೈಬ್ರರಿಯಲ್ಲಿ ಇದನ್ನು ಕೇಳಿ, ಗೈಡ್ ಮೂಲಕ ಬರವಣಿಗೆಯಲ್ಲೇ ಕೇಳಿ. ಕೇಳುವಾಗ ರೆಪಾಸಿಟರಿಗೆ ಸೇರಿಸಬೇಡಿ ಅಂತಲೂ ಬರೆಯಿರಿ. ಲೈಬ್ರರಿಯವರೇ ಮರೆತು ಸೇರಿಸಿಬಿಟ್ಟರೆ ಎರಡನೇ ಸಲ ನಿಮ್ಮದು ನಿಮಗೇ ಹೊಡೆಯುತ್ತದೆ.

ಪರ್ಸೆಂಟಿನ ಭಯವನ್ನೂ ಸ್ವಲ್ಪ ಬಿಡಿ. ಗ್ರಂಥಸೂಚಿ, ಪರಿವಿಡಿ, ಮುನ್ನುಡಿ, ಕೃತಜ್ಞತೆ, ಮೂಲ ಹೇಳಿ ಕೊಟ್ಟ ಉದ್ಧರಣೆ ಇವನ್ನೆಲ್ಲ ಬಿಟ್ಟೇ ಲೆಕ್ಕ ಹಾಕಬೇಕು ಅಂತ ಯುಜಿಸಿ ನಿಯಮದಲ್ಲೇ ಇದೆ. ಸಾಮಾನ್ಯ ಪದಗಳು ಸತತವಾಗಿ 14ರವರೆಗೆ ಹೊಂದಿಕೊಂಡರೂ ಬಿಡಬಹುದು. ರಿಪೋರ್ಟ್ ತೆಗೆಯುವವರು ಇದನ್ನೆಲ್ಲ ಹಾಕಿದ್ದಾರಾ ಅಂತ ನಿಂತು ನೋಡಿ.

ಇನ್ನು ಪೇಜ್ ಸೆಟ್ಟಿಂಗ್. ಸಾಧ್ಯವಾದರೆ ನೀವೇ ಮಾಡಿಕೊಳ್ಳಿ. ವರ್ಡ್‌ನಲ್ಲಿ ಸ್ಟೈಲ್ಸ್ ಕಲಿತರೆ ಪರಿವಿಡಿ ತಾನಾಗೇ ಬರುತ್ತದೆ. ಆಗದಿದ್ದರೆ ಪಕ್ಕದಲ್ಲಿ ಕೂತು ಮಾಡಿಸಿ, ಎದ್ದು ಬರುವ ಮೊದಲು ಅವರ ಡೆಸ್ಕ್‌ಟಾಪ್, ಡೌನ್‌ಲೋಡ್ಸ್, ರಿಸೈಕಲ್ ಬಿನ್ ಮೂರರಿಂದಲೂ ಫೈಲು ಅಳಿಸಿ. ವಾಟ್ಸಾಪ್‌ನಲ್ಲಿ ಕಳಿಸಬೇಡಿ, ಅದು ಅವರ ಫೋನಿನಲ್ಲಿ ಉಳಿದುಬಿಡುತ್ತದೆ. ಪ್ರಿಂಟು, ಬೈಂಡಿಂಗ್‌ಗೆ ಲೈಬ್ರರಿ ಚೆಕ್ ಮುಗಿದು ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಹೋಗಿ. ಪಿಡಿಎಫ್ ಸಾಕು, ಅಂಗಡಿಯವರು ವರ್ಡ್ ಫೈಲೇ ಬೇಕು ಅಂದರೆ ಬೇರೆ ಅಂಗಡಿ ನೋಡಿ.