ಅಡ್ವೆಂಟ್ ಕ್ಯಾಂಡಲ್ ಸೆಟ್: ಬಳೆ ಗಟ್ಟಿ, ಮೇಣ ಪರವಾಗಿಲ್ಲ, ನಿರೀಕ್ಷೆಯ ವಾರ ಮಾತ್ರ ಸಪ್ಪೆ

ಮನೆಯಲ್ಲಿ ಅಡ್ವೆಂಟ್, ಅಂದರೆ ಕ್ರಿಸ್ಮಸ್‌ಗೆ ಮುಂಚಿನ ಕಾಯುವಿಕೆಯ ವಾರಗಳನ್ನು ಆಚರಿಸುವವರಿಗೆಂದು ಬರುವ ಸೆಟ್‌ಗಳಲ್ಲಿ ಇದು ನಡುವಿನ ದರ್ಜೆಯದು. ಪೆಟ್ಟಿಗೆಯಲ್ಲಿ 25 ಸೆಂ.ಮೀ. ಅಗಲದ ಲೋಹದ ಬಳೆ, ಅದರ ಮೇಲೆ ನಾಲ್ಕು ಬಟ್ಟಲು, ಮೂರು ನೇರಳೆ ಮತ್ತು ಒಂದು ಗುಲಾಬಿ ಬಣ್ಣದ ಉದ್ದ ಕ್ಯಾಂಡಲ್, ನಡುವೆ ನಿಲ್ಲಿಸಲು ದಪ್ಪನೆಯ ಬಿಳಿ ಕ್ಯಾಂಡಲ್, ಪ್ಲಾಸ್ಟಿಕ್ ಎಲೆಯ ಮಾಲೆ, ಜೊತೆಗೆ ಪ್ರಾರ್ಥನೆಯ ಒಂದು ಕಿರುಪುಸ್ತಿಕೆ ಇವೆ. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ ಒಂದೊಂದಾಗಿ ಹೊತ್ತಿಸುವ ಕ್ಯಾಂಡಲ್‌ಗಳಿಗೆ ನಿರೀಕ್ಷೆ, ಸಮಾಧಾನ, ಸಂತೋಷ, ಪ್ರೀತಿ ಎಂಬ ಹೆಸರುಗಳನ್ನು ಪುಸ್ತಿಕೆ ಕೊಡುತ್ತದೆ. ಬಳೆ ವರ್ಷಗಟ್ಟಲೆ ಬಾಳುವಂಥದ್ದು. ಕ್ಯಾಂಡಲ್‌ಗಳಿಗೆ ಸ್ವಲ್ಪ ಉಪಚಾರ ಬೇಕು. ಎಡವಿರುವುದು ಪುಸ್ತಿಕೆ, ಅದೂ ಮೊದಲ ವಾರದಲ್ಲಿ. ಅದೊಂದು ಸಣ್ಣ ಕೊರತೆ ಎಂದು ಬಿಡುವಂತಿಲ್ಲ. ಮೊದಲ ಭಾನುವಾರ ಹೊತ್ತಿಸುವ ನಿರೀಕ್ಷೆಯ ಕ್ಯಾಂಡಲನ್ನು ಮುಂದಿನ ಮೂರೂ ವಾರ ಪ್ರತಿ ಸಂಜೆ ಹೊತ್ತಿಸುತ್ತೇವೆ. ಅದರ ಅರ್ಥ ತಪ್ಪಿದರೆ ಉಳಿದ ಮೂರು ಅದೇ ತಪ್ಪಿನ ಮೇಲೆ ನಿಲ್ಲುತ್ತವೆ.

ಮೊದಲು ಬಳೆ. ಭಾರವಾಗಿದೆ, ಮೇಜು ಅಲುಗಿದರೂ ಮಗುಚುವುದಿಲ್ಲ. ಬಟ್ಟಲುಗಳ ನಡುವೆ 15 ಸೆಂ.ಮೀ.ಗಿಂತ ಹೆಚ್ಚು ಅಂತರವಿದೆ. ಉರಿಯುವ ಎರಡು ಕ್ಯಾಂಡಲ್ ನಡುವೆ ಕನಿಷ್ಠ 7-8 ಸೆಂ.ಮೀ. ಇರಲೇಬೇಕು; ಇಲ್ಲದಿದ್ದರೆ ಒಂದರ ಬಿಸಿಗೆ ಇನ್ನೊಂದರ ಪಕ್ಕ ಕರಗಿ ಮೇಣ ಹರಿಯುತ್ತದೆ. ಚಿಕ್ಕ ಬಳೆಯ ಅಗ್ಗದ ಸೆಟ್‌ಗಳಲ್ಲಿ ನಡುವಿನ ಬಿಳಿ ಕ್ಯಾಂಡಲ್ ಇಟ್ಟಾಗ ಆಗುವುದು ಇದೇ. ಇಲ್ಲಿರುವ ತೊಡಕು ಬಟ್ಟಲಿನ ಅಗಲ. ಕ್ಯಾಂಡಲ್‌ನ ಬುಡ 22 ಮಿ.ಮೀ., ಬಟ್ಟಲು 24 ಮಿ.ಮೀ. ಈ ಎರಡು ಮಿ.ಮೀ. ಸಡಿಲದಿಂದಾಗಿ ಕ್ಯಾಂಡಲ್ ವಾಲುತ್ತದೆ, ವಾಲಿದ ಕಡೆಯೇ ಮೇಣ ಸುರಿಯುತ್ತದೆ. ಕರಗಿದ ಮೇಣ ಸುರಿದು ಅಂಟಿಸಲು ಹೋಗಬೇಡಿ, ಆಮೇಲೆ ಕೀಳುವಾಗ ಕ್ಯಾಂಡಲ್ ಮುರಿಯುತ್ತದೆ. ಬುಡಕ್ಕೆ ಅಲ್ಯೂಮಿನಿಯಂ ಫಾಯಿಲ್ ಎರಡು ಸುತ್ತು ಸುತ್ತಿ ಒತ್ತಿ ಕೂರಿಸಿದರೆ ಸಾಕು.

ಪ್ಲಾಸ್ಟಿಕ್ ಮಾಲೆಯನ್ನು ಬಳಸದಿರುವುದೇ ಒಳ್ಳೆಯದು. ಹಸಿ ಎಲೆ ಹಾಕುವವರು ನೆನಪಿಡಬೇಕಾದದ್ದೇನೆಂದರೆ, ಮನೆಯೊಳಗೆ ಅದು ಹತ್ತು ದಿನದೊಳಗೆ ಒಣಗುತ್ತದೆ, ಒಣಗಿದ ಎಲೆಗೆ ಬೆಂಕಿ ತಗಲುವುದು ಬಲು ಸುಲಭ. ನಾಲ್ಕು ವಾರಕ್ಕೆ ಎರಡು ಸಲವಾದರೂ ಬದಲಿಸಿ. ಎಲೆ ಬಟ್ಟಲಿನ ಅಂಚಿಗಿಂತ ಮೇಲೆ ಬರಬಾರದು.

ಕ್ಯಾಂಡಲ್‌ಗಳು ಪ್ಯಾರಾಫಿನ್‌ನವು, 25 ಸೆಂ.ಮೀ. ಉದ್ದ. ಇಷ್ಟು ದಪ್ಪದ ಕ್ಯಾಂಡಲ್ ಗಂಟೆಗೆ ಸುಮಾರು 2.5 ಸೆಂ.ಮೀ. ಉರಿಯುತ್ತದೆ. ಲೆಕ್ಕ ಹಾಕಿಯೇ ಶುರುಮಾಡಬೇಕು, ಏಕೆಂದರೆ ಅಡ್ವೆಂಟ್‌ನ ಉದ್ದ ವರ್ಷದಿಂದ ವರ್ಷಕ್ಕೆ ಬೇರೆ. ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುತ್ತದೆ, ಹಾಗಾಗಿ ಡಿಸೆಂಬರ್ 24ರವರೆಗೆ ಎಣಿಸಿದರೆ 22ರಿಂದ 28 ದಿನ. 2026ರಲ್ಲಿ ನವೆಂಬರ್ 29ಕ್ಕೆ ಆರಂಭ, ಒಟ್ಟು 26 ಸಂಜೆ. ದಿನಕ್ಕೆ 15 ನಿಮಿಷದಂತೆ ನಿರೀಕ್ಷೆಯ ಕ್ಯಾಂಡಲ್ ಆರೂವರೆ ಗಂಟೆ, ಎರಡನೆಯದು ನಾಲ್ಕೂಮುಕ್ಕಾಲು, ಗುಲಾಬಿಯದು ಮೂರು, ಕೊನೆಯದು ಒಂದೂಕಾಲು ಗಂಟೆ ಉರಿಯುತ್ತವೆ. ಮೊದಲನೆಯದರಲ್ಲಿ 9 ಸೆಂ.ಮೀ. ಆಸುಪಾಸು ಉಳಿಯುತ್ತದೆ. ಊಟದ ಹೊತ್ತಿಡೀ, ಅಂದರೆ 45 ನಿಮಿಷ ಉರಿಸಿದರೆ ಅದಕ್ಕೆ ಹತ್ತೊಂಬತ್ತೂವರೆ ಗಂಟೆ ಬೇಕು. ಹತ್ತು ಗಂಟೆಯ ಕ್ಯಾಂಡಲ್ ಎರಡನೇ ವಾರದ ಕೊನೆಗೆ ಮುಗಿದುಹೋಗುತ್ತದೆ. ನಾಲ್ಕೂ ಸಮ ಎತ್ತರಕ್ಕೆ ಬರಲಿ ಎಂದು ಜಾಗ ಅದಲುಬದಲು ಮಾಡುವವರಿದ್ದಾರೆ. ಹಾಗೆ ಮಾಡಬೇಡಿ. ಏರುತಗ್ಗಿನ ಆ ಸಾಲು ಕಾಯುವಿಕೆಯ ದಿನಗಳನ್ನು ಎಣಿಸಿ ತೋರಿಸುತ್ತದೆ, ಮಕ್ಕಳಿಗಂತೂ ಮಾತಿಲ್ಲದೆ ಅರ್ಥವಾಗುತ್ತದೆ.

ಪ್ರತಿ ಸಲ ಹೊತ್ತಿಸುವ ಮುಂಚೆ ಬತ್ತಿಯನ್ನು 6 ಮಿ.ಮೀ.ಗೆ ಕತ್ತರಿಸಿ. ಉದ್ದ ಬಿಟ್ಟರೆ ಜ್ವಾಲೆ ದೊಡ್ಡದಾಗಿ ಮಸಿ ಕಾರುತ್ತದೆ. ಫ್ಯಾನ್ ಆಫ್ ಮಾಡಿ. ಈ ಸೆಟ್‌ನ ನೇರಳೆ ಕ್ಯಾಂಡಲ್ ಗಾಳಿಗೆ ಬೇಗ ಸೋರುತ್ತದೆ. ಒಳಗೆ ಬಿಳಿ ಮೇಣವಿದ್ದರೂ ಹೊರಗಿನ ಬಣ್ಣ ಅದರೊಂದಿಗೆ ಕರಗಿ ಬರುವುದರಿಂದ ಸೋರಿದ್ದೆಲ್ಲ ನೇರಳೆ ಕಲೆಯಾಗಿ ಬಟ್ಟೆಗೆ ಹತ್ತುತ್ತದೆ. ಬಳೆಯ ಕೆಳಗೆ ತಟ್ಟೆ ಇಡುವುದು ಕಡ್ಡಾಯ. ಜೇನುಮೇಣದ ಕ್ಯಾಂಡಲ್ ಸಿಕ್ಕರೆ ಅದೇ ಮೇಲು, ನಿಧಾನವಾಗಿ ಉರಿಯುತ್ತದೆ, ಸೋರುವುದೂ ಕಡಿಮೆ.

ಇನ್ನು ಪುಸ್ತಿಕೆ. ಈ ಆಚರಣೆ ಆದಿಸಭೆಯ, ಅಂದರೆ ಮೊದಲ ಕ್ರೈಸ್ತರ ಕಾಲದ್ದು ಎಂದು ಮೊದಲ ಪುಟದಲ್ಲೇ ಬರೆದಿದ್ದಾರೆ, ಅದು ತಪ್ಪು. ಇಂದಿನ ರೂಪಕ್ಕೆ ಮೂಲ 1839ರ ಜರ್ಮನಿಯ ಹ್ಯಾಂಬರ್ಗ್. ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದ ಲೂಥರನ್ (ಪ್ರೊಟೆಸ್ಟಂಟ್) ದೇವಶಾಸ್ತ್ರಜ್ಞ ಯೊಹಾನ್ ಹಿನ್ರಿಖ್ ವಿಖರ್ನ್, ಕ್ರಿಸ್ಮಸ್ ಎಂದು ಎಂದು ದಿನವೂ ಕೇಳುತ್ತಿದ್ದ ಮಕ್ಕಳಿಗಾಗಿ ಗಾಡಿಯ ಚಕ್ರದ ಮೇಲೆ 20 ಸಣ್ಣ ಕೆಂಪು ಕ್ಯಾಂಡಲ್, ಭಾನುವಾರಗಳಿಗೆ 4 ದೊಡ್ಡ ಬಿಳಿ ಕ್ಯಾಂಡಲ್ ನಿಲ್ಲಿಸಿದರು. ನಾಲ್ಕು ಹೆಸರುಗಳು ಬಂದದ್ದು ಆಮೇಲೆ. ಕೆಲವು ಸಭೆಗಳಲ್ಲಿ (ಚರ್ಚ್‌ಗಳಲ್ಲಿ) ಮೊದಲನೆಯದಕ್ಕೆ ಪ್ರವಾದನೆಯ ಕ್ಯಾಂಡಲ್ ಎನ್ನುತ್ತಾರೆ, ಕೆಲವೆಡೆ ನೇರಳೆಯ ಬದಲು ನೀಲಿ ಬಳಸುತ್ತಾರೆ. ನಿಮ್ಮ ಸಭೆಯ ರೂಢಿ ನೋಡಿಕೊಂಡು ಬಣ್ಣ ಆರಿಸಿ.

ಆದರೆ ನಿಜವಾದ ತೊಂದರೆ ಮುಂದಿನ ಪುಟಗಳಲ್ಲಿದೆ. ನಿರೀಕ್ಷೆಯ ವಾರಕ್ಕೆ ಕೊಟ್ಟಿರುವ ಏಳು ಪ್ರಾರ್ಥನೆಗಳಲ್ಲಿ ಐದು, ಎಲ್ಲ ಬೇಗ ಸರಿಹೋಗುತ್ತದೆ ಎಂಬ ಧಾಟಿಯವು. ಕೆಲಸ ಸಿಗಲಿ, ಕಾಯಿಲೆ ವಾಸಿಯಾಗಲಿ ಎಂದು ಬೇಡುವುದು ಖಂಡಿತ ಸರಿ. ಬೇಡಿದ್ದು ಈ ತಿಂಗಳೊಳಗೆ ಸಿಕ್ಕೇ ಸಿಗುತ್ತದೆ ಎನ್ನುವುದನ್ನೇ ಕ್ರೈಸ್ತ ನಿರೀಕ್ಷೆ ಎಂದು ಕಲಿಸುವುದು ಸರಿಯಲ್ಲ. 13ನೇ ಶತಮಾನದ ಕ್ರೈಸ್ತ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ನಿರೀಕ್ಷೆಗೆ ನಾಲ್ಕು ಗುರುತು ಹೇಳಿದ್ದಾರೆ: ನಿರೀಕ್ಷಿಸುವುದು ಒಳ್ಳೆಯದಾಗಿರಬೇಕು, ಇನ್ನೂ ಬರಬೇಕಾದದ್ದಾಗಿರಬೇಕು, ಕಷ್ಟಸಾಧ್ಯವಾಗಿರಬೇಕು, ಆದರೂ ಸಾಧ್ಯವಾಗಿರಬೇಕು. ಸಾಧ್ಯವೇ ಇಲ್ಲವೆಂದು ಕೈಚೆಲ್ಲಿದರೆ ಹತಾಶೆ. ಕಷ್ಟವೇ ಇಲ್ಲವೆಂದುಕೊಂಡರೆ ಅದೂ ನಿರೀಕ್ಷೆಗೆ ವಿರುದ್ಧವಾದ ಪಾಪವೇ ಎಂದು ಅವರು ಎಣಿಸಿದ್ದರು. ಪುಸ್ತಿಕೆ ಬಿದ್ದಿರುವುದು ಈ ಎರಡನೇ ಹಳ್ಳಕ್ಕೆ.

ಸೋಮವಾರದ ಪುಟ ನೋಡಿ. ಬೈಬಲಿನ ಯೆರೆಮೀಯ ಪ್ರವಾದಿಯ ಗ್ರಂಥದಿಂದ 29:11 ಒಂದನ್ನೇ ಕತ್ತರಿಸಿ, ಸುತ್ತ ಹೂಬಳ್ಳಿ ಹಾಕಿ ಅಚ್ಚು ಮಾಡಿದ್ದಾರೆ: ದೇವರು ನಿಮಗೆ ಒಳ್ಳೆಯ ಭವಿಷ್ಯ ಇಟ್ಟಿದ್ದಾನೆ ಎಂಬ ಮಾತು. ಅದು ಯೆರೂಸಲೇಮಿನಿಂದ ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದ ಯೆಹೂದ್ಯರಿಗೆ ಯೆರೆಮೀಯ ಬರೆದ ಕಾಗದ. ಅದರ ಹಿಂದಿನ ವಚನವೇ ಎಪ್ಪತ್ತು ವರ್ಷ ತುಂಬಿದ ಮೇಲೆ ಎನ್ನುತ್ತದೆ. ಕಾಗದ ಕೇಳಿಸಿಕೊಂಡ ಹಿರಿಯರಲ್ಲಿ ಬಹುಪಾಲು ಜನ ಊರಿಗೆ ಮರಳುವುದನ್ನು ನೋಡಲಾರರು. ಅದಕ್ಕೂ ಹಿಂದಿನ 28ನೇ ಅಧ್ಯಾಯದಲ್ಲಿ ಹನನ್ಯನೆಂಬ ಪ್ರವಾದಿ ಯೆರೆಮೀಯನ ಕುತ್ತಿಗೆಯ ಮೇಲೆ ಬಾಬೆಲಿನ ದಾಸತ್ವದ ಗುರುತಾಗಿದ್ದ ನೊಗ ಮುರಿದು, ಎರಡೇ ವರ್ಷದಲ್ಲಿ ಎಲ್ಲರೂ ವಾಪಸ್ ಬರುತ್ತಾರೆ ಎಂದು ಜನರ ಮುಂದೆ ಸಾರಿದ್ದ. ಕೇಳುವವರಿಗೆ ಹಿತವಾಗಿದ್ದ ಮಾತು ಹನನ್ಯನದು, ಸುಳ್ಳಾದದ್ದೂ ಅದೇ. ಯೆರೆಮೀಯ ಹೇಳಿದ್ದು ಬೇರೆ: ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ನೀವು ಸೆರೆಯಾಗಿ ಹೋಗಿರುವ ಆ ಪಟ್ಟಣದ ಕ್ಷೇಮಕ್ಕಾಗಿಯೂ ಪ್ರಾರ್ಥಿಸಿ. ಎಪ್ಪತ್ತು ವರ್ಷ ಕಾಯಬೇಕಾದವರು ಮಾಡಬೇಕಾದ ಕೆಲಸವದು. 28:1-17 ಮತ್ತು 29:4-14 ಒಟ್ಟಿಗೆ ಓದಿದರೆ ನಿರೀಕ್ಷೆಗೂ ಹುಸಿ ಸಮಾಧಾನಕ್ಕೂ ಇರುವ ವ್ಯತ್ಯಾಸವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಪುಸ್ತಿಕೆ ಹನ್ನೊಂದನೇ ವಚನವನ್ನು ಒಂಟಿಯಾಗಿ ಕೊಟ್ಟು ಹನನ್ಯನ ಅರ್ಥ ಬರುವಂತೆ ಮಾಡಿದೆ.

ಇನ್ನೊಂದು ಕೊರತೆ: ಮೊದಲ ದಿನವೇ ಯೇಸು ಹುಟ್ಟಿದ ಬೇತ್ಲೆಹೇಮಿನ ಗೋದಲಿಗೆ ಹೋಗಿಬಿಟ್ಟಿದ್ದಾರೆ. ಯಾವ ಭಾನುವಾರ ಬೈಬಲಿನ ಯಾವ ಭಾಗ ಓದಬೇಕೆಂದು ಹೇಳುವ, ಅನೇಕ ಚರ್ಚ್‌ಗಳು ಬಳಸುವ ಮೂರು ವರ್ಷದ ಪಾಠಚಕ್ರದಲ್ಲಿ ಅಡ್ವೆಂಟಿನ ಮೊದಲ ಭಾನುವಾರದ ಸುವಾರ್ತಾಪಾಠ (ಯೇಸುವಿನ ಚರಿತ್ರೆಯಿಂದ ಓದುವ ಭಾಗ) ಯಾವ ವರ್ಷವೂ ಶಿಶು ಯೇಸುವಿನದಲ್ಲ. ಎ ವರ್ಷ ಮತ್ತಾಯ 24, ಬಿ ವರ್ಷ ಮಾರ್ಕ 13, ಸಿ ವರ್ಷ ಲೂಕ 21. ಮೂರೂ ಕ್ರಿಸ್ತನು ತಿರುಗಿ ಬರುವ ದಿನದ ಬಗ್ಗೆ, ಎಚ್ಚರವಾಗಿರಿ ಎಂಬ ಆಜ್ಞೆಯ ಬಗ್ಗೆ. ಕ್ರೈಸ್ತರು ಕಾಯುತ್ತಿರುವುದು ಆಗಿಹೋದ ಜನನಕ್ಕಲ್ಲ. ಸತ್ತವರೊಳಗಿಂದ ಎದ್ದವನು ಮತ್ತೆ ಬರುತ್ತಾನೆ, ಸೃಷ್ಟಿಯೆಲ್ಲ ಹೊಸದಾಗುತ್ತದೆ ಎಂಬುದಕ್ಕೆ. 1 ಪೇತ್ರ 1:3 ಈ ನಿರೀಕ್ಷೆಯನ್ನು ಜೀವಂತ ಎನ್ನುವುದು ಪುನರುತ್ಥಾನದ ಆಧಾರದ ಮೇಲೆಯೇ. ಆ ಆಧಾರವನ್ನು ಪುಸ್ತಿಕೆ ಒಂದು ಸಾಲಿನಲ್ಲೂ ಹೇಳಿಲ್ಲ. ಮುಖಪುಟದಲ್ಲಿ ಚಂದದ ಲಂಗರಿನ ಚಿತ್ರವಿದೆ, ಒಳಗೆ ನಿರೀಕ್ಷೆಯನ್ನು ಲಂಗರು ಎಂದು ಕರೆಯುವ ಇಬ್ರಿಯರಿಗೆ 6:19 ಇಲ್ಲವೇ ಇಲ್ಲ! ದೇವರ ವಾಗ್ದಾನ, ಅದಕ್ಕೆ ಅವನಿಟ್ಟ ಆಣೆ, ಇವೆರಡೂ ಬದಲಾಗುವುದಿಲ್ಲ ಎನ್ನುವುದರಲ್ಲಿ ಆ ಲಂಗರು ಊರಿದೆ. ನಮ್ಮ ಮನಸ್ಸಿನ ಉತ್ಸಾಹದಲ್ಲಲ್ಲ.

ಇದನ್ನು ಸರಿಪಡಿಸುವುದು ಕಷ್ಟವಲ್ಲ, ಒಂದು ಹಾಳೆ ಸಾಕು. ಮೊದಲ ವಾರದ ಪುಟಗಳನ್ನು ಬದಿಗಿಟ್ಟು ಭಾನುವಾರ ಆ ವರ್ಷದ ಪಾಠ ಓದಿ. ಯಾವ ವರ್ಷವೆಂದು ತಿಳಿಯಲು ಮುಂದಿನ ಇಸವಿಯನ್ನು 3ರಿಂದ ಭಾಗಿಸಿ: ಶೇಷ 1 ಬಂದರೆ ಎ, 2 ಬಂದರೆ ಬಿ, ಏನೂ ಉಳಿಯದಿದ್ದರೆ ಸಿ. 2026ರ ಅಡ್ವೆಂಟ್‌ಗೆ 2027 ತೆಗೆದುಕೊಳ್ಳಬೇಕು, ಶೇಷ 2, ಆದ್ದರಿಂದ ಬಿ. ಸೋಮವಾರಕ್ಕೆ ಯೆರೆಮೀಯನ ಆ ಎರಡು ಭಾಗ, ಮಂಗಳವಾರ ಪ್ರಲಾಪಗಳು 3:17-26, ಬುಧವಾರ ಕೀರ್ತನೆ 130, ಗುರುವಾರ ರೋಮಾಪುರದವರಿಗೆ 8:18-25, ಶುಕ್ರವಾರ ಇಬ್ರಿಯರಿಗೆ 6:13-20, ಶನಿವಾರ 1 ಪೇತ್ರ 1:3-9. ಸೋಮವಾರದ್ದು ಬಿಟ್ಟರೆ ಯಾವುದೂ ಎರಡು-ಮೂರು ನಿಮಿಷ ಮೀರುವುದಿಲ್ಲ. ಓದಿದ ಮೇಲೆ ಎರಡು ನಿಮಿಷ ಮೌನ, ಆಮೇಲೆ ಪ್ರಾರ್ಥನೆ. ಹದಿನೈದು ನಿಮಿಷದೊಳಗೆ ಮುಗಿಯುತ್ತದೆ, ಕ್ಯಾಂಡಲ್ ಲೆಕ್ಕಕ್ಕೂ ಹೊಂದುತ್ತದೆ. ಗುರುವಾರದ ಭಾಗವನ್ನು ಮಾತ್ರ ಅವಸರದಿಂದ ಓದಬೇಡಿ. ಸೃಷ್ಟಿಯೆಲ್ಲ ಪ್ರಸವವೇದನೆಯಲ್ಲಿ ನರಳುತ್ತಿದೆ, ನಾವೂ ನರಳುತ್ತಿದ್ದೇವೆ, ಕಾಣದಿರುವುದನ್ನು ತಾಳ್ಮೆಯಿಂದ ಎದುರುನೋಡುತ್ತೇವೆ ಎಂದು ಆ ಪತ್ರ ಬರೆದ ಪೌಲ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಅವನಿಗೆ ನರಳಾಟವೂ ನಿರೀಕ್ಷೆಯೂ ಒಟ್ಟಿಗೇ ಇರುತ್ತವೆ.

ಆ ವರ್ಷ ಸಾವು ಕಂಡ ಮನೆಗೆ ಈ ಸೆಟ್ ಉಡುಗೊರೆ ಕೊಡುವುದಾದರೆ ಪುಸ್ತಿಕೆ ತೆಗೆದಿಟ್ಟು ಕೊಡಿ. ಕಣ್ಣೀರು ಒರೆಸಿಕೊಳ್ಳಿ, ನಂಬಿಕೆಯಿದ್ದವರು ಅಳುವುದಿಲ್ಲ ಎಂಬ ಅರ್ಥದ ಒಂದು ಪ್ರಾರ್ಥನೆ ಅದರಲ್ಲಿದೆ. 1 ಥೆಸಲೋನಿಕದವರಿಗೆ 4:13 ದುಃಖಿಸಬೇಡಿ ಎಂದಷ್ಟಕ್ಕೇ ನಿಲ್ಲುವುದಿಲ್ಲ. ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ ಎನ್ನುತ್ತದೆ. ಅಳುವುದಕ್ಕೆ ಅಲ್ಲಿ ಜಾಗವಿದೆ. ಅಂಥ ಮನೆಗೆ ಕೀರ್ತನೆ 130 ಬರೆದ ಒಂದು ಕಾರ್ಡ್ ಸಾಕು. ಆಕ್ಸಿಜನ್ ಹಾಕಿರುವ ರೋಗಿಯ ಕೋಣೆಯಲ್ಲಿ ಬೆಂಕಿ ಹಚ್ಚಲೇಬಾರದು. ಅದೇ ಬಟ್ಟಲಿಗೆ ಹೊಂದುವ ಬ್ಯಾಟರಿ ಕ್ಯಾಂಡಲ್ ಬಳಸಿ, ಓದು-ಪ್ರಾರ್ಥನೆಗೆ ಅದರಿಂದ ಏನೂ ಕಡಿಮೆಯಾಗುವುದಿಲ್ಲ.

ಎರಡನೇ, ಮೂರನೇ, ನಾಲ್ಕನೇ ವಾರದ ಪುಟಗಳು ಸಾಧಾರಣ, ಓದಬಹುದು. ಗುಲಾಬಿ ಕ್ಯಾಂಡಲ್ ಮೂರನೇ ಭಾನುವಾರಕ್ಕೆ ಸರಿಯಾಗಿ ಬಂದಿದೆ.

ಬಳೆ ಈಗಾಗಲೇ ಇರುವವರಿಗೆ ಈ ಸೆಟ್ ಬೇಡ, 22 ಮಿ.ಮೀ. ಬುಡದ ನಾಲ್ಕು ಕ್ಯಾಂಡಲ್ ಬಿಡಿಯಾಗಿ ತಂದರೆ ಆಯಿತು. ಹೊಸದಾಗಿ ಶುರುಮಾಡುವವರು ಬಳೆಗಾಗಿ ಕೊಳ್ಳಬಹುದು. ಅಡ್ವೆಂಟ್ ಮುಗಿದ ಮೇಲೆ ಉಳಿದ ಕ್ಯಾಂಡಲ್‌ಗಳನ್ನು ಕಾಗದದಲ್ಲಿ ಸುತ್ತಿ ಮಲಗಿಸಿ, ಬಿಸಿಲು ತಾಗದ ತಂಪು ಜಾಗದಲ್ಲಿಡಿ. ನಿಲ್ಲಿಸಿಟ್ಟರೆ ಸೆಕೆಗೆ ಬಾಗುತ್ತವೆ, ಬೆಳಕಿಗೆ ಗುಲಾಬಿ ಬಣ್ಣ ಮಾಸುತ್ತದೆ. ಮೂರನೆಯದು, ನಾಲ್ಕನೆಯದು ಮುಂದಿನ ವರ್ಷಕ್ಕೂ ಆಗುತ್ತವೆ. ನಿರೀಕ್ಷೆಯದ್ದು ಸಾಲದು, ಒಂದು ನೇರಳೆ ಕ್ಯಾಂಡಲ್ ಹೆಚ್ಚಿಗೆ ತರಿಸಿಡಿ.