ಬ್ಯಾಡಗಿ ಸೀಸನ್ನಿಗೆ ಸೆಕೆಂಡ್‌ಹ್ಯಾಂಡ್ ಸರ್ವರ್: ಪವರ್‌ಎಡ್ಜ್ ಆರ್740

ಬ್ಯಾಡಗಿಯ ಕೆಲವು ದಲಾಲಿ ಅಂಗಡಿಗಳ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ಒಳಗಿರುವುದು ಪೋಸ್ಟ್‌ಗ್ರೆಸ್ ಡೇಟಾಬೇಸ್. ಮಳೆಗಾಲದಲ್ಲಿ ಅದು ಹೆಚ್ಚುಕಡಿಮೆ ಖಾಲಿ ಕೂತಿರುತ್ತದೆ. ಜನವರಿಯಿಂದ ಮೆಣಸಿನಕಾಯಿ ಬರತೊಡಗಿದರೆ ಸೋಮವಾರ, ಗುರುವಾರದ ಕಥೆಯೇ ಬೇರೆ. ಮಾರುಕಟ್ಟೆಗೆ ಲಕ್ಷ ಚೀಲ ದಾಟಿ ಬರುವ ದಿನಗಳಿವೆ. ಲಾಟ್, ದರ, ತೂಕ, ಹಮಾಲಿ ಎಲ್ಲ ಒಂದೇ ಸಂಜೆ ನುಗ್ಗುತ್ತವೆ. ಪಟ್ಟಿ, ಅಂದರೆ ಮಾರಾಟದ ಲೆಕ್ಕದ ಚೀಟಿ, ಕೈಗೆ ಬರದೆ ರೈತ ಏಳುವುದಿಲ್ಲ. ಗುಡುಗು ಬಂದು ಕರೆಂಟು ಹೋಗುವುದೂ ಅದೇ ಹೊತ್ತಿಗೆ.

ಹಾಗಾಗಿ ಈ ಕೆಲಸಕ್ಕೆ ಸರ್ವರ್ ಕೊಳ್ಳುವಾಗ ಎಷ್ಟು ಕೋರ್, ಎಷ್ಟು ಗಿಗಾಹರ್ಟ್ಸ್ ಎಂಬುದು ನನಗೆ ಎರಡನೇ ಮಾತು. ಡಿಸ್ಕ್ ‘ಬರೆದಾಯ್ತು’ ಎಂದು ಹೇಳಿದ ಮರುಕ್ಷಣ ಕರೆಂಟು ಹೋದರೆ, ಬರೆದದ್ದು ನಿಜಕ್ಕೂ ಉಳಿಯುತ್ತದಾ? ಮೊದಲು ನೋಡಬೇಕಾದದ್ದು ಅದು.

ಪೋಸ್ಟ್‌ಗ್ರೆಸ್ ಪ್ರತಿ ವ್ಯವಹಾರ ಮುಗಿಸುವ ಮುನ್ನ ಅದನ್ನು ಲಾಗ್ ಎಂಬ ದಾಖಲೆ ಕಡತದಲ್ಲಿ ಬರೆದು, ಡಿಸ್ಕ್‌ನಿಂದ ಒಪ್ಪಿಗೆ ಕೇಳುತ್ತದೆ. ಲ್ಯಾಪ್‌ಟಾಪಿಗೆ ಹಾಕುವ ಅಗ್ಗದ ಎಸ್‌ಎಸ್‌ಡಿಗಳಲ್ಲಿ ಕೆಲವು, ಮಾಹಿತಿ ಇನ್ನೂ ಕ್ಯಾಶ್‌ನಲ್ಲಿ (ಕರೆಂಟು ಹೋದರೆ ಅಳಿಯುವ ತಾತ್ಕಾಲಿಕ ಮೆಮೊರಿ) ಇರುವಾಗಲೇ ಒಪ್ಪಿಗೆ ಕೊಟ್ಟುಬಿಡುತ್ತವೆ. ಪ್ರಾಮಾಣಿಕವಾಗಿ ಕಾಯುವಂಥವು ನಿಧಾನವಾಗುತ್ತವೆ. ಸರ್ವರ್ ದರ್ಜೆಯ ಎಸ್‌ಎಸ್‌ಡಿಯ ಒಳಗೆ ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಕರೆಂಟು ಹೋದರೂ ಕ್ಯಾಶ್‌ನಲ್ಲಿ ಇರುವುದನ್ನು ಅಳಿಯದ ಮೆಮೊರಿ ಚಿಪ್‌ಗೆ ಇಳಿಸುವಷ್ಟು ಶಕ್ತಿ ಅವುಗಳಲ್ಲಿ ಉಳಿದಿರುತ್ತದೆ. ಅದಕ್ಕೇ ಇವು ಬೇಗ ಒಪ್ಪಿಗೆ ಕೊಟ್ಟರೂ ಸುಳ್ಳಾಗುವುದಿಲ್ಲ. ನಾನು ಹಾಕಿದ್ದು ಇಂಟೆಲ್ ಎಸ್4610, 960 ಜಿಬಿಯ ನಾಲ್ಕು. ದಿನಕ್ಕೆ ಸುಮಾರು 3 ಸಲ ಇಡೀ ಡಿಸ್ಕ್ ತುಂಬಿ ಬರೆದರೂ 5 ವರ್ಷ ತಾಳುವ ಲೆಕ್ಕದಲ್ಲಿ ಮಾಡಿದವು. ನಮ್ಮ ಕೆಲಸಕ್ಕೆ ಅಷ್ಟು ಬೇಡ. ಇರಲಿ.

ನಾಲ್ಕನ್ನೂ ರೇಡ್ 10ರಲ್ಲಿ ಕಟ್ಟಿದೆ, ಅಂದರೆ ಪ್ರತಿ ಬರಹವೂ ಎರಡೆರಡು ಡಿಸ್ಕ್‌ನಲ್ಲಿ ಉಳಿಯುವಂತೆ. ಜಾಗ ಅರ್ಧಕ್ಕರ್ಧ ಹೋಗುತ್ತದೆ ಎಂದು ಸಾವಕಾರರು ಮುಖ ಸಣ್ಣ ಮಾಡಿದರು. ಆದರೆ ಜಾಗ ಉಳಿಸುವ ರೇಡ್ 5ರಲ್ಲಿ ಒಂದು ಸಣ್ಣ ಬರಹಕ್ಕೆ ಎರಡು ಓದು, ಎರಡು ಬರಹ ಬೇಕು; ರೇಡ್ 10ರಲ್ಲಿ ಎರಡೇ ಬರಹ. ದಿನವಿಡೀ ಸಣ್ಣ ಸಣ್ಣ ಎಂಟ್ರಿಗಳೇ ಬರುವ ನಮ್ಮಂಥ ಕಡೆ ಇದರಲ್ಲಿ ಚೌಕಾಸಿ ಮಾಡಬಾರದು.

ಇನ್ನು ಯಂತ್ರ. ಆರ್740 ಡೆಲ್‌ನ 2017ರ ಮಾಡೆಲ್, ಎರಡು ಪ್ರೊಸೆಸರ್ ಹಿಡಿಸುತ್ತದೆ. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ರಿಫರ್ಬಿಶ್ಡ್ ಸಿಕ್ಕಿತು, ಡಿಸ್ಕ್ ಬಿಟ್ಟು ಒಂದೂವರೆ ಲಕ್ಷದ ಆಸುಪಾಸು. ಅಂಗಡಿಯವರು 20 ಕೋರ್‌ನ ಗೋಲ್ಡ್ 6138 ಪ್ರೊಸೆಸರ್ ತೋರಿಸಿ ‘ಇದೇ ದೊಡ್ಡದು ಸರ್’ ಎಂದರು. ನಾನು 8 ಕೋರ್‌ನ 6134 ಕೇಳಿದೆ. ಮೊದಲನೆಯದರ ಮೂಲ ವೇಗ 2.0 ಗಿಗಾಹರ್ಟ್ಸ್, ಇದರದು 3.2. ಪಟ್ಟಿ ತೆಗೆಯುವಂಥ ಸಣ್ಣ ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಒಂದೇ ಕೋರ್‌ನಲ್ಲಿ ಓಡುತ್ತದೆ. ಉಳಿದ ಕೋರ್ ಸುಮ್ನೆ ನೋಡುತ್ತ ಕೂರುತ್ತವೆ.

ಮೆಮೊರಿ ಇಸಿಸಿ. ಒಂದು ಬಿಟ್ ತಪ್ಪಿದರೆ ತಾನೇ ಸರಿಮಾಡುತ್ತದೆ, ಎರಡು ತಪ್ಪಿದರೆ ಕೂಗಿ ಹೇಳುತ್ತದೆ. ಒಂದೊಂದು ಪ್ರೊಸೆಸರ್‌ಗೆ 6 ಮೆಮೊರಿ ಚಾನೆಲ್, ಅಂದರೆ ಮೆಮೊರಿಗೆ ಹೋಗಿಬರುವ ದಾರಿ; ಎರಡಕ್ಕೂ ಸೇರಿ 12. ಅಂಗಡಿಯವರು ಕೊಡಲು ಹೊರಟಿದ್ದು 32 ಜಿಬಿಯ ನಾಲ್ಕು ಕಡ್ಡಿ. ಹಾಗೆ ಹಾಕಿದರೆ ಎಂಟು ಚಾನೆಲ್ ಖಾಲಿ. 16 ಜಿಬಿಯ 12 ಹಾಕಿಸಿದೆ. ಒಟ್ಟು 192 ಜಿಬಿ, ನಮ್ಮ ಡೇಟಾಬೇಸ್ ಪೂರ್ತಿ ಅದರೊಳಗೆ ಕೂರುತ್ತದೆ.

ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ರೇಡ್ ಕಾರ್ಡಿನ (ಡಿಸ್ಕ್‌ಗಳನ್ನು ರೇಡ್‌ನಲ್ಲಿ ಕಟ್ಟುವ ಕಾರ್ಡು) ಬ್ಯಾಟರಿ ನೋಡಲೇಬೇಕು. ಅದು ಸತ್ತಿದ್ದರೆ ಕಾರ್ಡು ತನ್ನ ಕ್ಯಾಶ್‌ನಲ್ಲಿ ಬರಹ ಹಿಡಿದಿಡುವುದನ್ನು ನಿಲ್ಲಿಸುತ್ತದೆ, ವೇಗ ಬೀಳುತ್ತದೆ. ನನಗೆ ಆ ರಗಳೆಯೇ ಬೇಡವಾಗಿತ್ತು. ಡಿಸ್ಕ್‌ಗಳನ್ನು ನೇರ ಲಿನಕ್ಸಿಗೆ ಕೊಡುವ ಎಚ್‌ಬಿಎ330 ಕಾರ್ಡ್ ಹಾಕಿಸಿದೆ; ರೇಡ್ ಕಟ್ಟುವ ಕೆಲಸ ಲಿನಕ್ಸಿನದೇ. ಎಸ್‌ಎಸ್‌ಡಿ ಎಷ್ಟು ಸವೆದಿದೆ ಎಂಬುದೂ ಡಿಸ್ಕ್‌ನ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್‌ನಲ್ಲಿ ನೇರವಾಗಿ ಕಾಣುತ್ತದೆ.

ದುಡ್ಡು ಕೊಡುವ ಮುನ್ನ ಅಂಗಡಿಯಲ್ಲೇ ಪರೀಕ್ಷೆ ಮಾಡಿದೆ. ಡಿಸ್ಕ್‌ಚೆಕರ್ ಎಂಬ ಸಣ್ಣ ಸ್ಕ್ರಿಪ್ಟ್ ಇದೆ. ಸರ್ವರ್ ಬರೆಯುತ್ತ ಹೋಗುತ್ತದೆ, ಏನೇನು ಬರೆದಾಯ್ತು ಎಂಬ ಲೆಕ್ಕ ಪಕ್ಕದ ಲ್ಯಾಪ್‌ಟಾಪಿನಲ್ಲಿ ಉಳಿಯುತ್ತದೆ. ನಡುವೆ ಎರಡೂ ಪವರ್ ಕೇಬಲ್ ಕಿತ್ತೆ. ಕೌಂಟರ್ ಹುಡುಗ ‘ಅಯ್ಯೋ ಸರ್!’ ಎಂದು ಓಡಿಬಂದ. ಮತ್ತೆ ಆನ್ ಮಾಡಿ ತಾಳೆ ನೋಡಿದರೆ ಒಂದೂ ತಪ್ಪಿರಲಿಲ್ಲ. ಇದನ್ನು ಮಾಡಲು ಬಿಡದ ಅಂಗಡಿಯಲ್ಲಿ ನಾನಂತೂ ಸರ್ವರ್ ಕೊಳ್ಳುವುದಿಲ್ಲ.

ಈ ಸೀಸನ್ ಪೂರ್ತಿ ಓಡಿದೆ. ಕರೆಂಟು ಹೋಗಿದೆ, ಒಮ್ಮೆ ಯುಪಿಎಸ್ ಕೂಡ ಕೈಕೊಟ್ಟಿದೆ. ಪೋಸ್ಟ್‌ಗ್ರೆಸ್ ಲಾಗ್ ಓದಿಕೊಂಡು ತಾನೇ ಎದ್ದು ನಿಂತಿತು, ಒಂದು ಪಟ್ಟಿಯೂ ಕಳೆಯಲಿಲ್ಲ. ಪವರ್ ಸಪ್ಲೈ ಎರಡಿರುವುದರಿಂದ ಈಗ ಎರಡು ಬೇರೆ ಯುಪಿಎಸ್‌ಗೆ ಕೊಟ್ಟಿದ್ದೇನೆ.

ಸದ್ದು ಜಾಸ್ತಿ. ಈ ಗಾತ್ರದ ಸರ್ವರ್‌ಗಳೆಲ್ಲ ಹಾಗೇ, ಗುಮಾಸ್ತರ ಪಕ್ಕ ಇಡಬೇಡಿ. ಬ್ಯಾಡಗಿಯಲ್ಲಿ ಇನ್ನೊಂದು ವಿಚಾರ ಮೆಣಸಿನಕಾಯಿ ಧೂಳು. ಬಾಗಿಲು ಮುಚ್ಚಿದ ಕೋಣೆ, ಕಿಟಕಿಗೆ ಫಿಲ್ಟರ್ ಬಟ್ಟೆ ಬೇಕೇ ಬೇಕು. ಫ್ಯಾನ್ ಒರೆಸುವಾಗ ಮೂಗಿಗೂ ಬಟ್ಟೆ ಕಟ್ಟಿಕೊಳ್ಳಿ, ಘಾಟು ತಡೆಯಲಾಗುವುದಿಲ್ಲ.

ಅಂಗಡಿಯ ಬಗ್ಗೆ ಒಂದು ತಕರಾರಿದೆ. ದೂರದಿಂದಲೇ ಸರ್ವರ್ ನಿಭಾಯಿಸುವ ಡೆಲ್‌ನ ವ್ಯವಸ್ಥೆಯಾದ ಐಡ್ರ್ಯಾಕ್‌ಗೆ ಎಂಟರ್‌ಪ್ರೈಸ್ ಲೈಸೆನ್ಸ್ ಇದೆ ಎಂದು ಬಾಯಲ್ಲಿ ಹೇಳಿದರು, ಬಿಲ್ಲಿನಲ್ಲಿ ಬರೆಯಲಿಲ್ಲ. ನೋಡಿದರೆ ಇರಲಿಲ್ಲ. ಅದಿಲ್ಲದೆ ಹುಬ್ಬಳ್ಳಿಯಲ್ಲಿ ಕೂತು ಬ್ಯಾಡಗಿಯ ಸರ್ವರಿನ ಸ್ಕ್ರೀನ್ ನೋಡಲಾಗದು, ಮೋಟೆಬೆನ್ನೂರು ದಾಟಿ ಹೋಗಲೇಬೇಕು. ಜಗಳವಾಡಿದ ಮೇಲೆ ಹಾಕಿಕೊಟ್ಟರು. ನೀವು ಮೊದಲೇ ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಸರ್ವರ್ ಕೂರಿಸುವ ರ‍್ಯಾಕ್ ರೈಲನ್ನೂ ಸೇರಿಸಿ.